ಐದು ಶನಿವಾರದ ಎಣ್ಣೆ

ನನ್ನ ತಮ್ಮ ಸತ್ತ ಸುದ್ದಿಯನ್ನು ಮನೆಗೆ ತಂದವನು ಕ್ಷೌರದಂಗಡಿಯವನು. ಹೆಗಲ ಮೇಲೆ ಬಿಳಿ ಬಟ್ಟೆ ಹಾಗೇ ಇತ್ತು, ಬೆರಳುಗಳಲ್ಲಿ ಸೋಪಿನ ನೊರೆ ಇನ್ನೂ ಒಣಗಿರಲಿಲ್ಲ. "ಅಣ್ಣ ಕುರ್ಚಿಯಲ್ಲೇ ತಲೆ ವಾಲಿಸಿದರು, ನಿದ್ದೆ ಹತ್ತಿತೇನೋ ಅಂದುಕೊಂಡು ಒಂದು ಕೆನ್ನೆ ಪೂರ್ತಿ ಮುಗಿಸಿಯೂ ಬಿಟ್ಟೆ," ಎಂದು ಬಾಗಿಲಲ್ಲೇ ನಿಂತು ಹೇಳಿದ. ಆಮೇಲೆ ಇಂಥ ಹೊತ್ತಿನಲ್ಲಿ ಕೇಳಬಾರದೆಂದು ಗೊತ್ತಿದ್ದೂ ಕೇಳಿದ: "ಇನ್ನೊಂದು ಕೆನ್ನೆ ಏನು ಮಾಡಲಿ, ಅಮ್ಮ?"

"ಮುಗಿಸಪ್ಪ," ಎಂದೆ. "ಅರ್ಧ ಗಡ್ಡ ಹೊತ್ಕೊಂಡು ದೇವರ ಮುಂದೆ ಹೋದ್ರೆ ಅಲ್ಲೂ ಜನರನ್ನ ನಗಿಸ್ತಾನೆ."

ಆ ದಿನ ನಾನು ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಉಳಿದದ್ದೆಲ್ಲ ಅಳು.

ನೋಡಲು ಬಂದವರಿಗೆ ಕೂರಲು ಜಾಗ ಸಾಲಲಿಲ್ಲ. ಕ್ಷೌರದಂಗಡಿಯವನು ತನ್ನ ಅಂಗಡಿಯಿಂದ ನಾಲ್ಕು ಸ್ಟೂಲು ಹೊತ್ತು ತಂದ. ಅಂಗಳದ ನೀರಿನ ತೊಟ್ಟಿಯ ಹಿಂದೆ ಎರಡು ದಪ್ಪ ಹಲಗೆಗಳು ಬಿದ್ದಿದ್ದವು. ಯಾರೋ ಅವನ್ನು ಎಳೆದು ಸ್ಟೂಲುಗಳ ಮೇಲಿಟ್ಟು ಬೆಂಚು ಮಾಡಿದರು. ಅಂಥ ಒರಟು ಹಲಗೆಯ ಮೇಲೆ ಕೂತಿದ್ದರಿಂದಲೋ ಏನೋ, ಬಂದವರು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾಲ್ಕನೆಯ ದಿನ ಸ್ಟೂಲು ವಾಪಸು ಒಯ್ಯಲು ಬಂದವನಿಗೆ ಹಲಗೆಗಳನ್ನೂ ತೆಗೆದುಕೊಂಡು ಹೋಗು, ಅಂಗಳ ಸ್ವಚ್ಛವಾಗಲಿ ಎಂದೆ. ಅವನಿಗೆ ಖುಷಿಯಾಯಿತು.

ನನ್ನ ತಮ್ಮ ಬೀಗ ರಿಪೇರಿಯವನು. ಊರಿನ ಅರ್ಧ ಬಾಗಿಲುಗಳು ಅವನ ಮಾತು ಕೇಳುತ್ತಿದ್ದವು. ಅವನು ಮಾತ್ರ ಯಾರ ಮಾತನ್ನೂ ಕೇಳಿದವನಲ್ಲ, ದೇವರದ್ದಂತೂ ಇಲ್ಲವೇ ಇಲ್ಲ. ಶನಿವಾರ ಬೆಳಿಗ್ಗೆ ನಾನು ಕಿಟಕಿಯ ಪಕ್ಕ ಕೂತು ಪ್ರಾರ್ಥನೆಗೆ ಕಣ್ಣು ಮುಚ್ಚಿದೆನೋ ಇಲ್ಲವೋ, ಅಂಗಳದಲ್ಲಿ ಅವನ ಹಳೇ ಕಾರು ಗರ್ರ್ ಎನ್ನುತ್ತಿತ್ತು. ಒಂದೇ ಸಲ, ಜೋರಾಗಿ. ಆಮೇಲೆ ಮೌನ. ನನ್ನನ್ನು ಕೆಣಕಲಿಕ್ಕೇ ಮಾಡುತ್ತಾನೆಂದು ನನಗೆ ಅನುಮಾನವೇ ಇರಲಿಲ್ಲ. ಇಪ್ಪತ್ತಾರು ವರ್ಷ, ಪ್ರತಿ ಶನಿವಾರ, ಈ ವಿಷಯವಾಗಿ ನಾನು ದೇವರಿಗೆ ದೂರು ಕೊಟ್ಟಿದ್ದೇನೆ.

ಪ್ರಾರ್ಥನೆ ಮುಗಿಸಿ ಕಣ್ಣು ಬಿಡುವಾಗ ನೀರಿನ ತೊಟ್ಟಿಯಾಚೆ ತೆರೆದ ಬಾನೆಟ್ ಕಾಣುತ್ತಿತ್ತು, ಅದರೊಳಗೆ ಬಗ್ಗಿದ ಬೆನ್ನು. ಚಕ್ರಗಳೆಲ್ಲ ತೊಟ್ಟಿಯ ಮರೆ. ಆಗ ಅವನ ಪ್ರವಚನ ಶುರುವಾಗುತ್ತಿತ್ತು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದವನು ಅಕ್ಕನ ದೇವರನ್ನು ನೇರವಾಗಿ ನೋಡುತ್ತಾನೆ, ಆದ್ದರಿಂದ ತಣ್ಣಗಾಗುವವರೆಗೆ ಕಾಯಬೇಕು. ಕೂಲೆಂಟ್ ಎರಡು ಗೆರೆಗಳ ನಡುವೆ ಇರಬೇಕು. ಬ್ರೇಕ್ ಆಯಿಲ್ ಇಳಿದಿದ್ದರೆ ತುಂಬಿಸಿ ಸುಮ್ಮನಾಗಬಾರದು, ಯಾಕೆ ಇಳಿಯಿತೆಂದು ಹುಡುಕಬೇಕು. ಅದೇನು ಅಕ್ಕನ ಉಪವಾಸವಲ್ಲ, ಕಾರಣವಿಲ್ಲದೆ ಸೊರಗಲಿಕ್ಕೆ. ಗಾಜು ಒರೆಸುವ ವೈಪರ್ ನೀರು ಮಾತ್ರ ಎಷ್ಟು ಹಾಕಿದರೂ ಪಾಪ ಬರುವುದಿಲ್ಲ. ಕೊನೆಯಲ್ಲಿ ಎಂಜಿನ್ ಎಣ್ಣೆಯ ಅಳತೆ ಕಡ್ಡಿ: ಎಳೆ, ಒರೆಸು, ಮತ್ತೆ ಪೂರ್ತಿ ಇಳಿಸು, ಎಳೆ, ನೋಡು. "ಮೊದಲನೇ ಸಲ ಹೇಳಿದ್ದನ್ನ ನಂಬಬಾರದು," ಎನ್ನುತ್ತಿದ್ದ. "ಕಡ್ಡಿಯಾದ್ರೂ ಅಷ್ಟೇ, ಧರ್ಮಗುರುವಾದ್ರೂ ಅಷ್ಟೇ."

ಅವನ ಮಗಳು ನರ್ಸು. ತಾಯಿ ಬೇಗ ಹೋದದ್ದರಿಂದ ನನ್ನ ಕೈಯಲ್ಲಿ ಬೆಳೆದವಳು. ಹಾಸಿಗೆ ಹಿಡಿದ ಹನ್ನೊಂದು ಜನರ ಮನೆಗೆ ದಿನಾ ಅದೇ ಕಾರಿನಲ್ಲಿ ಹೋಗಿ ಗಾಯ ತೊಳೆಯುತ್ತಾಳೆ, ಸೂಜಿ ಚುಚ್ಚುತ್ತಾಳೆ. ಅವರಲ್ಲೊಬ್ಬ ಮುದುಕ ಇವಳ ಕೈಯಿಂದ ಬಿಟ್ಟರೆ ಯಾರ ಕೈಯಿಂದಲೂ ಮಾತ್ರೆ ನುಂಗುವುದಿಲ್ಲವಂತೆ. ಆಫೀಸಿನವರು ಆರು ವಾರದೊಳಗೆ ಎಲ್ಲರ ಗಾಡಿಗಳನ್ನೂ ತಪಾಸಣೆ ಮಾಡುವುದಾಗಿ ಕಾಗದ ಕಳಿಸಿದ್ದರು. ಕಾರು ಪಾಸಾಗದಿದ್ದರೆ ಹನ್ನೊಂದು ಮನೆಯೂ ಬೇರೆಯವರಿಗೆ. ಇವಳು ಉಗ್ರಾಣದಲ್ಲಿ ಕೂತು ಬ್ಯಾಂಡೇಜ್ ಎಣಿಸಬೇಕು. ಕಾಗದ ಓದಿ ಮಡಚಿಟ್ಟಳು, ಊಟ ಮಾಡದೆ ಎದ್ದಳು.

"ಕಾರನ್ನ ನಾನು ನೋಡ್ಕೋತೀನಿ," ಎಂದೆ. "ನೀನು ರೋಗಿಗಳನ್ನ ನೋಡ್ಕೋ."

"ಅತ್ತೆ, ಬಾನೆಟ್ ಯಾವ ಕಡೆ ಇದೆ ಅಂತಾದ್ರೂ ಗೊತ್ತಾ ನಿಮಗೆ?"

"ಇಪ್ಪತ್ತಾರು ವರ್ಷ ನಿಮ್ಮಪ್ಪನ ಪ್ರವಚನ ಕೇಳಿದ್ದೀನಿ ಕಣೇ. ಬೇಡ ಅಂದ್ರೂ ಬಾಯಿಪಾಠ ಆಗಿದೆ."

ಸುಳ್ಳಲ್ಲ, ಆಗಿತ್ತು. ಮೊದಲ ಶನಿವಾರ, ಅವಳಿನ್ನೂ ಮಲಗಿರುವಾಗಲೇ, ಪ್ರಾರ್ಥನೆ ಮುಗಿಸಿ ತಮ್ಮನ ಹರಿದ ಬನಿಯನ್ನು ಕೈಗೆ ಸುತ್ತಿಕೊಂಡು ಅಂಗಳಕ್ಕಿಳಿದೆ. ಕೂಲೆಂಟ್ ಗೆರೆಗಳ ನಡುವೆ ಇತ್ತು. ಬ್ರೇಕ್ ಆಯಿಲ್ ಉಪವಾಸ ಮಾಡಿರಲಿಲ್ಲ. ವೈಪರ್ ನೀರು ಧಾರಾಳವಾಗಿ ಸುರಿದೆ. ಕಡ್ಡಿ ಎಳೆದೆ, ಒರೆಸಿದೆ, ಮತ್ತೆ ಇಳಿಸಿ ಎಳೆದು ನೋಡಿದೆ. ಎಣ್ಣೆ ಕಡ್ಡಿಯ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

ಅವನಿದ್ದಾಗ ಒಂದು ದಿನವೂ ಕಡಿಮೆಯಾಗದ ಎಣ್ಣೆ, ಅವನು ಹೋದ ವಾರದೊಳಗೆ ಇಷ್ಟು ಇಳಿದಿದೆ. ಈ ಕಾರಿಗೂ ದುಃಖವಾಗಿದೆ ಎಂದುಕೊಂಡೆ. ನಗಬೇಡಿ; ಆ ದಿನಗಳಲ್ಲಿ ನನಗೆ ಗೋಡೆ ಗಡಿಯಾರವೂ ಅಳುತ್ತಿರುವಂತೆ ಕಾಣುತ್ತಿತ್ತು. ಅವನ ಕಪಾಟಿನಲ್ಲಿದ್ದ ಡಬ್ಬಿಯಿಂದ ಕಾಲು ಲೀಟರ್ ಅಳೆದು ಹಾಕಿದೆ. ಒಮ್ಮೆಗೇ ಹೆಚ್ಚು ಹಾಕಬಾರದೆಂಬುದೂ ಪ್ರವಚನದಲ್ಲಿತ್ತು. ಮುಂದಿನ ಶನಿವಾರ ನೋಡಿದರೆ ಕೆಳಗಿನ ಗೆರೆಯ ಹತ್ತಿರ ಬಂದಿತ್ತು. ಮತ್ತೆ ಕಾಲು ಲೀಟರ್. ಹೀಗೆ ವಾರವಾರವೂ ಅದು ಒಂದು ಕೂದಲೆಳೆಯಷ್ಟು ಚೇತರಿಸಿಕೊಳ್ಳುತ್ತ ಹೋಯಿತು. ಐದನೆಯ ಶನಿವಾರ ಸರಿಯಾಗಿ ಮೇಲಿನ ಗೆರೆ ಮುಟ್ಟಿದಾಗ ಬನಿಯನ್ನಿನಲ್ಲೇ ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದೆ. ಮುಖಕ್ಕೆಲ್ಲ ಮಸಿಯಾಗಿದ್ದು ಆಮೇಲೆ ಗೊತ್ತಾಯಿತು.

ತಪಾಸಣೆ ಗುರುವಾರವಿತ್ತು. ಸೋಮವಾರ ಬೆಳಿಗ್ಗೆ ಹುಡುಗಿ ಹೊರಟ ಗಳಿಗೆಯಲ್ಲೇ ವಾಪಸು ಬಂದಳು. ಹಿಂದಿನಿಂದ ನೀಲಿ ಹೊಗೆ ಬೀದಿ ತುಂಬ ಹಬ್ಬಿತ್ತು. ಕಾರನ್ನು ಸಮತಟ್ಟಾದ ರಸ್ತೆಯ ಬದಿಯಲ್ಲೇ ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಕೂತಳು. "ಮುಗೀತು, ಅತ್ತೆ," ಎಂದಳು. ಅಪ್ಪ ಸತ್ತ ದಿನವೂ ಅವಳ ದನಿ ಹಾಗೆ ಸೋತಿರಲಿಲ್ಲ.

ಫೋನು ಮಾಡಿ ಗ್ಯಾರೇಜಿನವನನ್ನು ಕರೆಸಿದೆವು. ತಮ್ಮನ ಜೊತೆ ಓದಿ, ಜೊತೆಯಲ್ಲೇ ನಪಾಸಾದವನು. ಎಲ್ಲರೂ ಅವನನ್ನು ಗ್ರೀಸು ಎಂದೇ ಕರೆಯುತ್ತಾರೆ. ಅವನು ಹತ್ತು ನಿಮಿಷ ಬೀಡಿ ಸೇದಿದ, ಕಡ್ಡಿ ಎಳೆದ, ಒರೆಸಿದ, ಇಳಿಸಿದ, ಎಳೆದು ಬೆಳಕಿಗೆ ಹಿಡಿದ. ಎಣ್ಣೆ ಮೇಲಿನ ಗೆರೆ ದಾಟಿ ಎಲ್ಲೋ ಹೋಗಿತ್ತು.

"ಯಾರು ಇದಕ್ಕೆ ಹೀಗೆ ಕುಡಿಸಿದ್ದು?"

ನಾನೇ, ಕಾರಿಗೂ ದುಃಖವಾಗಿ ಎಣ್ಣೆ ಇಳಿದಿದೆ ಅಂದುಕೊಂಡೆ ಎಂದೆ. ಶನಿವಾರ ನೋಡಿದಾಗ ಗೆರೆ ಮೀರಿರಲಿಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇನೆ ಎಂದೂ ಹೇಳಿದೆ.

ಗ್ರೀಸು ಗೇಟಿನೊಳಗೆ ಇಣುಕಿ ನಮ್ಮ ಅಂಗಳ ನೋಡಿದ. ಮಳೆನೀರು ಚರಂಡಿಗೆ ಹರಿಯಲೆಂದು ಅದು ಗೇಟಿನ ಕಡೆಗೆ ಇಳಿಜಾರು. ಕಾರು ನಿಲ್ಲುವುದೂ ಗೇಟಿನ ಕಡೆ ಮೂತಿ ಮಾಡಿಯೇ. "ಅಕ್ಕಾ, ಮುಂದಿನ ಚಕ್ರ ಹಲಗೆ ಮೇಲೆ ಹತ್ತಿಸಿದ್ರಾ?" ಎಂದು ಕೇಳಿದ. ಯಾವ ಹಲಗೆ ಎಂದೆ.

ಹುಡುಗಿ ಸ್ಟೀರಿಂಗ್‌ನಿಂದ ತಲೆಯೆತ್ತಿದಳು. "ಅಪ್ಪ ಪ್ರತಿ ಶನಿವಾರ ಹತ್ತಿಸ್ತಿದ್ರಲ್ಲ, ಅತ್ತೆ. ಹತ್ತಿಸಿ, ತಣ್ಣಗಾಗೋಕೆ ಬಿಟ್ಟು, ಆಮೇಲೇ ಬಾನೆಟ್ ತೆಗೀತಿದ್ದಿದ್ದು. ಗರ್ರ್ ಅಂತ ಸದ್ದು ಬರ್ತಿತ್ತಲ್ಲ, ಕೇಳಿಲ್ವಾ?"

ಕೇಳಿದ್ದೆ.

ಮೂತಿ ಕೆಳಗಾಗಿ ನಿಂತ ಕಾರಿನಲ್ಲಿ ಎಣ್ಣೆ ಮುಂದಕ್ಕೆ ಜಾರುತ್ತದೆ, ಈ ಕಾರಿನ ಕಡ್ಡಿ ಇಳಿಯುವುದು ಹಿಂಬದಿಯಲ್ಲಿ, ಅದಕ್ಕೇ ಅದು ಸುಳ್ಳು ಹೇಳಿತು, ಹಲಗೆ ಹತ್ತಿಸಿದರೆ ಕಾರು ಸಮನಾಗುತ್ತದೆ ಎಂದು ಗ್ರೀಸು ವಿವರಿಸುತ್ತಿದ್ದ. ನಾನು ಅರ್ಧಂಬರ್ಧ ಕೇಳಿಸಿಕೊಂಡೆ. ಅವನ ಪ್ರವಚನವೆಲ್ಲ ನನಗೆ ಬಾಯಿಪಾಠ, ಕಣ್ಣು ಬಿಟ್ಟ ಮೇಲಿನದ್ದು ಮಾತ್ರ. ಅದಕ್ಕೂ ಮೊದಲಿನ ಕೆಲಸ ನಡೆಯುತ್ತಿದ್ದದ್ದು ನಾನು ಕಣ್ಣು ಮುಚ್ಚಿ ಅವನ ಮೇಲೆ ದೂರು ಹೇಳುತ್ತಿದ್ದಾಗ.

"ಇವತ್ತು ಸಂಜೆವರೆಗೆ ಓಡಿಸಿದ್ರೆ ಎಂಜಿನ್ನೇ ಅವನ ಹಿಂದೆ ಹೋಗ್ತಿತ್ತು," ಎಂದ ಗ್ರೀಸು. "ಅಕ್ಕಾ, ಇದಕ್ಕೆ ದುಃಖ ಆಗಿರ್ಲಿಲ್ಲ. ನೀವು ಸಮಾಧಾನ ಮಾಡಿ ಮಾಡಿ ಮುಳುಗಿಸಿದ್ರಿ."

ಹುಡುಗಿಗೆ ನಗು ಬಂತು. ಐದು ವಾರದಲ್ಲಿ ಮೊದಲ ಸಲ. ನಗುತ್ತ ನಗುತ್ತ ಅತ್ತಳು, ಅಳುತ್ತಲೇ ನನ್ನ ಕೈ ಹಿಡಿದುಕೊಂಡಳು. ಗ್ರೀಸು ರಸ್ತೆಯಲ್ಲೇ ಕಾರಿನಡಿ ನುಸುಳಿ, ಹೆಚ್ಚಾದ ಎಣ್ಣೆಯನ್ನು ನನ್ನ ಹಳೇ ಬಟ್ಟಲಿಗೆ ಬಸಿದು, ಕಡ್ಡಿ ಎರಡು ಸಲ ನೋಡಿ, ಎಂಜಿನ್ ಶುರು ಮಾಡಿದ. ಇನ್ನಷ್ಟು ಹೊತ್ತು ಹೊಗೆ ಬಂತು. ಮೂವರೂ ಕಾದೆವು. ಹೊಗೆ ತೆಳ್ಳಗಾಯಿತು, ನಿಂತಿತು. ಹುಡುಗಿ ಕಣ್ಣೊರೆಸಿಕೊಂಡು ಮಾತ್ರೆ ನುಂಗದ ಮುದುಕನ ಮನೆಗೆ ಹೊರಟಳು.

ನಾನು ನೇರ ಕ್ಷೌರದಂಗಡಿಗೆ ಹೋದೆ. ದಪ್ಪನೆಯ ಗಿರಾಕಿಯೊಬ್ಬ ನಮ್ಮ ಹಲಗೆಗಳ ಮೇಲೆ ಆರಾಮಾಗಿ ಕೂತಿದ್ದ. ಅವನನ್ನು ಎಬ್ಬಿಸಿದಾಗ ಪ್ಯಾಂಟಿನ ಹಿಂದೆ ಟೈರಿನ ಎರಡು ಕಪ್ಪು ಪಟ್ಟೆ ಕಂಡವು. ಇದು ಹಾಳಾದ ಆರನೇ ಪ್ಯಾಂಟು, ಒಯ್ಯಿರಮ್ಮ, ಪುಣ್ಯ ಬರುತ್ತೆ ಎಂದು ಅಂಗಡಿಯವನು ತಾನೇ ಹೊತ್ತು ತಂದುಕೊಟ್ಟ.

ಗುರುವಾರ ಕಾರು ಪಾಸಾಯಿತು. ತಪಾಸಣೆಯವನು ವೈಪರ್ ನೀರು ವಿಶೇಷವಾಗಿ ಚೆನ್ನಾಗಿದೆ ಎಂದನಂತೆ.

ಈ ಶನಿವಾರ ಹುಡುಗಿ ಬೇಗ ಎದ್ದಳು. ನಾನು ಕಿಟಕಿಯ ಬಳಿ ಕೂರಲಿಲ್ಲ. ಅಂಗಳಕ್ಕೆ ಹೋಗಿ ಹಲಗೆಗಳನ್ನು ಇಟ್ಟು ಪಕ್ಕದಲ್ಲಿ ನಿಂತೆ. ಕಾರು ಒಮ್ಮೆ ಗರ್ರೆಂದಿತು. ಮುಂದಿನ ಚಕ್ರಗಳು ಹತ್ತಿ ನಿಂತವು. ಎಂಜಿನ್ ತಣ್ಣಗಾಗುವವರೆಗೆ ಕಣ್ಣು ತೆರೆದುಕೊಂಡೇ ಪ್ರಾರ್ಥನೆ ಮಾಡಿದೆ.

ದೇವರೇ, ಇಪ್ಪತ್ತಾರು ವರ್ಷ ಕೊಟ್ಟ ಆ ಒಂದು ದೂರನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಉಳಿದ ದೂರುಗಳು ಹಾಗೇ ಇರಲಿ, ಅವು ನಿಜ. ಅವನು ನಿನ್ನನ್ನು ನಂಬಿದವನಲ್ಲ, ನಿನಗೂ ಗೊತ್ತು. ಆದರೆ ಯಾವುದನ್ನೂ ಸಮ ಮಾಡಿಕೊಳ್ಳದೆ ಅಳೆದವನಲ್ಲ. ನೀನೂ ಅವನನ್ನು ಅಳೆಯುವ ಮುಂಚೆ ಸಮನಾದ ಜಾಗದಲ್ಲಿ ನಿಲ್ಲಿಸು. ಸ್ವಲ್ಪ ಹೊತ್ತು ತಣ್ಣಗಾಗಲು ಬಿಡು. ಮೊದಲ ನೋಟಕ್ಕೇ ತೀರ್ಮಾನಿಸದೆ ಒರೆಸಿ ಇನ್ನೊಮ್ಮೆ ನೋಡು. ಆಮೇಲೂ ಏನಾದರೂ ಕಡಿಮೆ ಕಂಡರೆ ನೀನೇ ತುಂಬಿಸು, ನಿನ್ನ ಹತ್ತಿರ ಬೇಕಾದಷ್ಟಿದೆ. ನನ್ನ ತಮ್ಮನಿಗೆ ಶಾಂತಿ ಕೊಡು.