ಒಂದು ಎಲುಬು ಹೆಚ್ಚು

ಸತ್ತವರ ಕಾಲುಚೀಲವನ್ನು ಬಿಚ್ಚಬೇಕೋ ಬೇಡವೋ ಎಂಬ ಘನಗಂಭೀರ ಪ್ರಶ್ನೆ ಇತ್ಯರ್ಥವಾಗದೆ, ಶಂಭುಲಿಂಗಪ್ಪನವರ ಕೊನೆಯ ಸ್ನಾನಕ್ಕೆ ಕಾಯಿಸಿದ ಹಂಡೆ ನೀರು ಆರುತ್ತಿತ್ತು. ರಾತ್ರಿ ಎದೆನೋವೆಂದು ಮಲಗಿದವರು ಬೆಳಗಿಗೆ ಏಳಲಿಲ್ಲ. ಅರವತ್ತನೇ ಇಸವಿಯ ಜಯನಗರದಲ್ಲಿ ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳೇ. ಹಾಗಾಗಿ ಅಭಿಪ್ರಾಯ ಹೇಳಲು ಇದ್ದವರು ನೆಂಟರಷ್ಟೇ. ಅವರೇ ಸಾಕಾಗಿದ್ದರು.

"ಮೈಗೆ ನೀರು ಹಾಕಿ ಅಣ್ಣ. ಕಾಲು ಹಾಗೇ ಇರ್ಲಿ," ಎಂದಳು ಹೆಂಡತಿ ಜಯದೇವಿ.

ಅವಳಣ್ಣ ಸೋಮಲಿಂಗಪ್ಪ ಚೊಂಬು ಹಿಡಿದೇ ನಿಂತ. "ಕಾಲುಚೀಲ ಹಾಕ್ಕೊಂಡು ಶಿವನ ಹತ್ರ ಹೋದವರನ್ನ ನಾನಂತೂ ಕಂಡಿಲ್ಲಮ್ಮ. ಐನೋರು ಏನಂತಾರೆ?"

"ಅವರಿಗೆ ಚಳಿ ಜಾಸ್ತಿ."

ಇನ್ನು ಚಳಿ ಏನು ಮಾಡೀತು ಎಂದು ಯಾರೋ ಗೊಣಗಿದರು. ಜಯದೇವಿಯ ಕಣ್ಣು ಮಾತ್ರ ವಿಲ್ಸನ್ ಗಾರ್ಡನ್ನಿನಿಂದ ಬಂದ ಗುರುಬಸಪ್ಪ, ಉಮಾಮಹೇಶ್ವರಿ ದಂಪತಿಗಳ ಮೇಲಿತ್ತು. ಮಗಳು ಜಯಶೀಲಾಳನ್ನು ಅವರ ಮಗನಿಗೆ ನಿಶ್ಚಯ ಮಾಡಿ ತಿಂಗಳಾಗಿರಲಿಲ್ಲ. ಗಂಡನ ಪಾದ ಇವತ್ತು ಕಂಡರೆ, ನಾಳೆ ಮಗಳ ಪಾದ ನೋಡುತ್ತಾರೆ. ಆ ಭಯದಲ್ಲಿ ಅವಳಿಗೆ ಅಳಲೂ ಪುರುಸೊತ್ತಾಗಿರಲಿಲ್ಲ.

*

ಹಿಂದೊಮ್ಮೆ ಸೈಕಲ್ಲಿಂದ ಬಿದ್ದಾಗ ಶಂಭುಲಿಂಗಪ್ಪನವರ ಪಾದಕ್ಕೆ ಎಕ್ಸ್‌ರೇ ತೆಗೆಸಿದ್ದರು. ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು, ಏನೂ ಮುರಿದಿಲ್ಲ, ಒಳಮಗ್ಗುಲಲ್ಲಿ ಚಿಕ್ಕ ಎಲುಬೊಂದು ಹೆಚ್ಚಿಗಿದೆ, ಹುಟ್ಟಿನಿಂದ ಬಂದದ್ದು, ಹತ್ತು ಜನರಲ್ಲಿ ಒಬ್ಬರಿಗಿರುತ್ತದೆ, ಕೆಲವರ ಕಿವಿ ದೊಡ್ಡದಿರುವುದಿಲ್ಲವೇ ಹಾಗೆ, ಎಂದರು. ಆದರೆ ಶಂಭುಲಿಂಗಪ್ಪನವರು ಗುಮಾಸ್ತರು. ಹೆಚ್ಚಿಗೆ ಎಂಬುದು ಏನೇ ಇದ್ದರೂ ಮೇಲಿನವರು ವಿವರಣೆ ಕೇಳುತ್ತಾರೆಂಬುದು ಅವರ ಜೀವಮಾನದ ಅನುಭವ. ಮನೆಗೆ ಬಂದವರೇ ಆಡುತ್ತಿದ್ದ ಮಗಳ ಪಾದ ಹಿಡಿದು ತಡವಿದರು. ಅಲ್ಲೂ ಅದೇ ಗಂಟು, ಕಡಲೆಬೀಜದಷ್ಟು.

"ಸೊಸೆ ಬಂದ ಮನೇಲಿ ಎಮ್ಮೆ ಸತ್ರೂ ಅವಳ ಕಾಲ್ಗುಣ ಅಂತಾರೆ," ಎಂದರು ಹೆಂಡತಿಗೆ. "ಇನ್ನು ಕಾಲಲ್ಲೇ ಗಂಟಿದ್ರೆ ಬಿಡ್ತಾರೇನೇ?"

ಅಂದಿನಿಂದ ಬೇಸಗೆಯಲ್ಲೂ ಅವರ ಕಾಲುಚೀಲ ಇಳಿಯಲಿಲ್ಲ. ಮಗಳು ಲಂಗ ಬಿಟ್ಟು ಸೀರೆ ಉಟ್ಟಾಗ ಆ ಸೀರೆ ನೆಲ ಗುಡಿಸಿತು.

*

ಕೊನೆಗೆ ಜಯದೇವಿಯೇ ಗೆದ್ದಳು. ವಿಭೂತಿ ಹಚ್ಚಿಸಿಕೊಂಡು, ಹಾರ ಹಾಕಿಸಿಕೊಂಡು, ಜಗಲಿಯ ಮೇಲೆ ಪದ್ಮಾಸನದಲ್ಲಿ ಕೂತ ಶಂಭುಲಿಂಗಪ್ಪನವರು ಬೂದು ಕಾಲುಚೀಲದಲ್ಲಿ ಕಚೇರಿಗೆ ಹೊರಟವರಂತೆಯೇ ಕಂಡರು.

ಹಿತ್ತಲಿಗೆ ಹೋದ ಜಯದೇವಿಗೆ ಗೋಡೆಯಾಚೆ ಉಮಾಮಹೇಶ್ವರಿಯವರ ಪಿಸುದನಿ ಕೇಳಿಸಿತು. "ಹೆಣದ ಕಾಲನ್ನ ಯಾರಾದ್ರೂ ಮುಚ್ತಾರೇನ್ರೀ? ಒಳಗೆ ಬೆರಳು ಇದ್ಯೋ ಇಲ್ವೋ."

"ಮೆಲ್ಲಗೆ," ಎಂದರು ಗುರುಬಸಪ್ಪ. "ಕುಷ್ಠವೇ ಇರ್ಬೇಕು. ನಿಶ್ಚಯದ ದಿನ ಇವರ ಮನೇಲಿ ಊಟ ಬೇರೆ ಮಾಡಿದ್ವಲ್ಲೇ."

ಇಲಿಗೆ ಹೆದರಿ ಹುಲಿಯನ್ನು ಕರೆದಂತಾಗಿತ್ತು. ಅವಳು ಓಡಿಬಂದು, ಎಲ್ಲರೆದುರೇ ಗಂಡನ ಕಾಲುಚೀಲಗಳನ್ನು ಕಿತ್ತೆಳೆದಳು.

"ನೋಡಿ. ಹತ್ತು ಬೆರಳೂ ಇವೆ."

ಗುರುಬಸಪ್ಪನವರು ಬೆರಳುಗಳನ್ನು ನೋಡಲಿಲ್ಲ. "ಆ ಗಂಟು?" ಎಂದರು, ಅಂಗಳದಿಂದಲೇ.

"ಎಲುಬು ಬೀಗ್ರೇ. ಹುಟ್ಟಿದಾಗಿಂದ ಇದೆ."

"ಹುಟ್ಟಿದಾಗಿಂದ ಇರೋದನ್ನ ಯಾರು ಮುಚ್ಚಿಡ್ತಾರಮ್ಮ?"

ಅಪ್ಪನ ಪಕ್ಕ ಕೂತಿದ್ದ ಜಯಶೀಲಾ ಆಗ ಎದ್ದಳು. ಬೇಡವೆಂದು ತಾಯಿ ಕಣ್ಣಲ್ಲೇ ಬೇಡಿಕೊಂಡಳು. ಹುಡುಗಿ ಸೀರೆಯನ್ನು ಕಾಲಿನ ಹರಡಿನ ಮೇಲಕ್ಕೆತ್ತಿ, ಪಾದವನ್ನು ಜಗಲಿಯ ಅಂಚಿಗಿಟ್ಟಳು.

"ನನಗೂ ಇದೆ ಮಾವ. ಬರೀ ಎಲುಬು. ಮುಟ್ಟಿ ನೋಡಿ."

ಉಮಾಮಹೇಶ್ವರಿಯವರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಹೆಗಲು ಕೊಡಲು ಬಂದಿದ್ದವರಲ್ಲಿ ಇಬ್ಬರು ಸದ್ದಿಲ್ಲದೆ ಹಿಂದೆ ಸರಿದರು. ಯಾರಾದರೂ ಮುಟ್ಟಲೆಂದು ಹುಡುಗಿ ಸೀರೆ ಇಳಿಸದೆ ಬಹಳ ಹೊತ್ತು ನಿಂತೇ ಇದ್ದಳು.

ಹೆಣ ಎತ್ತುವಾಗ ಸಂಜೆಯಾಯಿತು. ಮದುವೆ ಮುರಿಯಿತು.