ಗುಬ್ಬಿ ಮಂಡಿಯ ಕರಟ

ದೊಡ್ಡಗಂಗಮ್ಮ ಮಹಡಿ ಮೆಟ್ಟಿಲಿಳಿದು ಬಂದವಳೇ ತನ್ನ ಮೊಬೈಲನ್ನು ಯಾಸ್ಮೀನಳ ಕಿವಿಗೆ ಹಿಡಿದಳು. ಒಳಗಿಂದ ಉದ್ದನೆಯ ಊಳು ಹೊರಟಿತು. ಉಸಿರು ತೀರುವವರೆಗೆ ಒಮ್ಮೆ, ಉಸಿರೆಳೆದುಕೊಂಡು ಮತ್ತೊಮ್ಮೆ.

"ನೀನು ಕೆಲ್ಸಕ್ಕೆ ಅಂತ ಗೇಟ್ ದಾಟಿದ್ದೇ ತಡ, ಶುರು. ಹನ್ನೊಂದು ಗಂಟೆ ತಂಕ ಇದೇ ಕಛೇರಿ ಕಣಮ್ಮ," ಎಂದಳು ಬಾಡಿಗೆ ಮನೆಯ ಯಜಮಾನಿ. "ನಂಗೇನಿಲ್ಲ, ನಂಗೆ ಕಿವಿ ಅರ್ಧ ಕೇಳಲ್ಲ. ಮೇಲೆ ಸೊಸೆ ಬಾಣಂತಿ. ಇಪ್ಪತ್ತು ದಿನದ ಕೂಸು ಬೆಚ್ಚಿ ಬೀಳ್ತದೆ. ಈ ಭಾನುವಾರದೊಳಗೆ ನಾಯೀನ ಎಲ್ಲಾದ್ರೂ ಸೇರ್ಸು."

"ಆಯ್ತಜ್ಜಿ."

"ಏನಂದೆ? ಬಾಯಿ ಬಿಟ್ಟು ಹೇಳಮ್ಮ!"

ಯಾಸ್ಮೀನ್ ತಲೆಯಾಡಿಸಿದಳು. ಅವಳ ಮಾತು ಎದುರಿನವರಿಗೆ ಒಂದೇ ಸಲಕ್ಕೆ ಕೇಳಿಸಿದ್ದು ಕಡಿಮೆ.

ಮನೆಯ ಪಕ್ಕದ ಓಣಿಯಲ್ಲಿ ಕರಟ ಬಾಲ ಬಡಿಯುತ್ತ ನಿಂತಿತ್ತು. ಏನೂ ಅರಿಯದ ಮುಖ.

ಕರಟ ಬೆಳೆದದ್ದು ಗುಬ್ಬಿಯಲ್ಲಿ, ಅವಳ ಅಬ್ಬಾ ಅಬ್ದುಲ್ ರಶೀದರ ತೆಂಗಿನಕಾಯಿ ಮಂಡಿಯಲ್ಲಿ. ಮೈಬಣ್ಣ ನೋಡಿ ಕಾಯಿ ಸುಲಿಯುವವರು ಇಟ್ಟ ಹೆಸರು ಅದು. ಒಂಬತ್ತು ವರ್ಷ ಅಲ್ಲೇ ಇತ್ತು. ಮನೆಯ ಹೊಸಿಲು ಕಂಡಿರಲಿಲ್ಲ. ನಾಯಿ ಇರುವ ಮನೆಗೆ ಫರಿಶ್ತೆಗಳು, ಅಂದರೆ ದೇವದೂತರು, ಬರುವುದಿಲ್ಲ ಎಂದು ಅಮ್ಮಿ ರೋಷನ್ ಬೀ ಬಿಟ್ಟುಕೊಂಡಿರಲಿಲ್ಲ. ಹೋದ ಚಳಿಗಾಲದಲ್ಲಿ ಅಬ್ಬಾ ತೀರಿಕೊಂಡರು. ಮಂಡಿ ಮುಚ್ಚಿತು. ಯಾಸ್ಮೀನಳಿಗೆ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ತಾಯಿ ಮಗಳು ತುಮಕೂರಿನ ಉಪ್ಪಾರಹಳ್ಳಿಗೆ ಬಂದರು. ತಕ್ಕಡಿ, ಚೀಲ, ಅಬ್ಬಾ ಕೂರುತ್ತಿದ್ದ ಮರದ ಕುರ್ಚಿ, ಎಲ್ಲವೂ ಯಾರ್ಯಾರದೋ ಪಾಲಾದವು. ಕರಟನನ್ನು ಮಾತ್ರ ತಾನು ಬಿಟ್ಟು ಬರುವುದಿಲ್ಲ ಎಂದಳು ಯಾಸ್ಮೀನ್. ಇಪ್ಪತ್ನಾಲ್ಕು ವರ್ಷಗಳಲ್ಲಿ ಅವಳು ಹಿಡಿದ ಮೊದಲ ಹಟ ಅದು.

ಸಂಜೆ ಕೆಲಸದಿಂದ ಬಂದು ಕರಟನ ಕತ್ತಿನ ಕೂದಲಿಗೆ ಮೂಗಿಟ್ಟರೆ ತೆಂಗಿನ ನಾರಿನ ವಾಸನೆ ಇನ್ನೂ ಒಂದಿಷ್ಟು ಉಳಿದಿರುತ್ತಿತ್ತು. ಅಷ್ಟು ಸಾಕು, ಗುಬ್ಬಿ ಎದುರಿಗೆ ಬಂದು ನಿಲ್ಲುತ್ತಿತ್ತು. ಮಟ್ಟೆ ಸೀಳುವ ಸದ್ದು, ಬಿಸಿಲಿಗೆ ಹಾರುವ ದೂಳು, ಸಾಸರಿನಲ್ಲಿ ಚಹಾ ಆರಿಸುತ್ತ ಕೂತ ಅಬ್ಬಾ.

ಊಳು ನಿಲ್ಲಿಸಲು ಅವಳು ಮಾಡದ್ದಿಲ್ಲ. ಪಶುವೈದ್ಯರು ಹೇಳಿದಂತೆ ಎರಡು ನಿಮಿಷ ಹೊರಗೆ ಹೋಗಿ ಬಂದಳು, ಐದು ನಿಮಿಷ ಹೋಗಿ ಬಂದಳು. ಸ್ಕೂಟಿ ಕೀ ತೆಗೆದುಕೊಂಡು ಎಲ್ಲಿಗೂ ಹೋಗದೆ ಕೂತಳು. ತನ್ನ ಹಳೆಯ ದುಪಟ್ಟಾ ಹಾಸಿದಳು, ರೇಡಿಯೊ ಹಚ್ಚಿಟ್ಟಳು. ಆರನೇ ನಿಮಿಷಕ್ಕೆ ಅದೇ ಊಳು.

"ನಾನು ಮನೇಲೇ ಇರ್ತೀನಲ್ಲ, ನಾನೇನು ಮನುಷ್ಯಳಲ್ವಾ?" ಎಂದು ರೋಷನ್ ಬೀ ಕಿಟಕಿಯೊಳಗಿಂದ ಕೇಳಿದಳು. "ಅವನ ಲೆಕ್ಕದಲ್ಲಿ ನಾನೊಂದು ಗೋಡೆ!"

ಕೊನೆಗೆ ಕುಣಿಗಲ್ಲಿನ ಅಂಜನಮೂರ್ತಿಗೆ ಫೋನ್ ಮಾಡಬೇಕಾಯಿತು. ಅಬ್ಬಾಗೆ ವರ್ಷಾನುಗಟ್ಟಲೆ ಕಾಯಿ ಕೊಟ್ಟ ತೋಟದವರು. ಭಾನುವಾರ ಹನ್ನೊಂದಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದರು. ಫೋನ್ ಇಟ್ಟ ಮೇಲೆ ಯಾಸ್ಮೀನಳಿಗೆ ಅಬ್ಬಾ ಎರಡನೇ ಸಲ ಹೋದಂತಾಯಿತು.

ಕರಟ ಮಲಗುತ್ತಿದ್ದ ಗೋಣಿಚೀಲವನ್ನಾದರೂ ಜೊತೆಗೆ ಕಳಿಸೋಣ ಎಂದು ಶನಿವಾರ ಮಧ್ಯಾಹ್ನ ಗುಬ್ಬಿ ಬಸ್ಸು ಹತ್ತಿದಳು. ಮಂಡಿಯಿದ್ದ ಜಾಗದಲ್ಲಿ ಟೈಲ್ಸ್ ಅಂಗಡಿ ಎದ್ದಿತ್ತು. ಗೋಣಿಚೀಲ ಎಲ್ಲಿಯದು? ಪಕ್ಕದ ಮಂಡಿಯಲ್ಲಿ ಪುಟ್ಟರಂಗಯ್ಯ ಕಾಯಿ ಸುಲಿಯುತ್ತಿದ್ದ. ಅಬ್ಬಾ ಹತ್ತಿರ ಇಪ್ಪತ್ತು ವರ್ಷ ದುಡಿದವನು.

"ಸಾಹೇಬ್ರ ಮಗಳಲ್ವಾ? ಬಾರವ್ವ. ಯಾಕಿಂಗೆ ಸೊರಗೋಗಿದ್ದೀಯ?"

ಅವಳು ಹೇಳಿದಳು. ಅವನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟ.

"ಕರಟ ಅಳ್ತಾನಾ? ಏನ್ ಕೆಲ್ಸ ಕೊಟ್ಟಿದ್ದೀಯ ಅವ್ನಿಗೆ?"

"ಕೆಲಸಾನಾ?"

"ಮತ್ತೆ? ಸುಮ್ನೆ ಕೂರ್ಸಿ ಅನ್ನ ಹಾಕ್ತಿದ್ದೀಯಾ? ಅದ್ಕೇ ಬುಡು! ಮಧ್ಯಾಹ್ನ ನಮಾಜಿಗೆ ಹೋಗೋವಾಗ ನಿಮ್ಮಪ್ಪ ಏನ್ ಮಾಡೋರು, ನೋಡಿಲ್ವಾ ನೀನು?"

ನೋಡಿದ್ದಳು. ಶಾಲೆಗೆ ರಜೆಯಿದ್ದಾಗ ಊಟದ ಕ್ಯಾರಿಯರ್ ಹಿಡಿದು ಹೋದಾಗಲೆಲ್ಲ ನೋಡಿದ್ದಳು. ಅಬ್ಬಾ ಹೆಗಲ ಮೇಲಿನ ಚೌಕುಳಿ ಟವೆಲ್ ತೆಗೆದು ಕಾಯಿ ರಾಶಿಯ ಮೇಲೆ ಹಾಕಿ, ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು: "ಕರಟಾ! ಮಾಲು ನಿಂದು, ನೋಡ್ಕೊ ಕಣ್ಲಾ!" ಸುಲಿಯುವವರೆಲ್ಲ ನಗುತ್ತಿದ್ದರು. ಕರಟ ರಾಶಿಗೆ ಒಂದು ಸುತ್ತು ಬಂದು ಮಲಗಿದರೆ, ಅಬ್ಬಾ ಬಂದು ಟವೆಲ್ ಎತ್ತುವವರೆಗೆ ಏಳುತ್ತಿರಲಿಲ್ಲ. ಅದನ್ನು ಅಬ್ಬಾನ ತಮಾಷೆ ಎಂದುಕೊಂಡಿದ್ದಳು ಅವಳು.

"ಒಂದ್ಸಲ ಸಿರಾಕ್ಕೆ ಮದ್ವೆಗೆ ಹೊರಟವ್ರು ಅವಸರದಾಗೆ ಒಪ್ಸೋದು ಮರೆತ್ರು," ಎಂದ ಪುಟ್ಟರಂಗಯ್ಯ. "ನಾವು ಎಂಟಾಳು ಸುತ್ತ ಕುಂತಿದ್ವಿ. ಆದ್ರೂ ಸಂಜೆ ತಂಕ ಊಳಿಟ್ಟ ನನ್ಮಗ. ಜನ ಇಲ್ಲ ಅಂತ ಅಳೋನಲ್ಲ ಅವ್ನು. ಕೆಲ್ಸದಿಂದ ತೆಗೆದ್ಬುಟ್ರು ಅಂತ ಅಳ್ತಾನೆ ಕಣವ್ವ."

ಅರ್ಧ ಚೀಲ ಕಾಯಿ ತುಂಬಿ, ಅವನೇ ಹೊತ್ತು ತಂದು ಬಸ್ಸಿಗೆ ಹಾಕಿದ.

"ಇಷ್ಟು ಕಾಯಿ ಯಾರ ಶಾದಿಗೆ?" ಎಂದಳು ರೋಷನ್ ಬೀ. ಯಾಸ್ಮೀನ್ ಎಲ್ಲ ಹೇಳಿ, ತಡೆದು ತಡೆದು ಅಬ್ಬಾನ ಟವೆಲ್ ಕೇಳಿದಳು.

"ಅವರ ಟವೆಲ್ಲು? ನಾಯಿ ಬಾಯಿಗೆ?"

ಆಮೇಲೆ ಅಮ್ಮಿ ಬೆಳ್ಳುಳ್ಳಿ ಬಿಡಿಸುತ್ತ ಬಹಳ ಹೊತ್ತು ಕೂತಳು.

ಬೆಳಗಾಗೆದ್ದು ನೋಡಿದರೆ ಅಮ್ಮಿ ಟ್ರಂಕಿನ ಮುಂದೆ ಕೂತಿದ್ದಳು. ಒಗೆದು ಮಡಿಸಿಟ್ಟ ಮೂರು ಟವೆಲ್ಲುಗಳನ್ನು ಪಕ್ಕಕ್ಕಿಟ್ಟು, ತಳದಿಂದ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಆಸ್ಪತ್ರೆಗೆ ಹೋದ ದಿನ ಅಬ್ಬಾನ ಹೆಗಲ ಮೇಲಿದ್ದದ್ದು. ಅದನ್ನು ಒಗೆದೇ ಇರಲಿಲ್ಲ.

"ಒಗೆದದ್ದು ಕೊಟ್ಟರೆ ಅವನಿಗೇನು ಗೊತ್ತಾಗುತ್ತೆ?" ಎಂದಳು. "ತಗೋ. ಸುಮ್ಮನೆ ಸಾಕೋ ನಾಯಿ ಬೇರೆ, ಕಾವಲಿಗಿರೋ ನಾಯಿ ಬೇರೆ. ನಿಮ್ಮಬ್ಬಾನೂ ಹಾಗೇ ಅಂತಿದ್ರು. ನಾನೇ ಜಗಳ ಆಡ್ತಿದ್ದೆ."

ಹತ್ತು ಗಂಟೆಗೆ ಓಣಿಯಲ್ಲಿ, ಮೆಟ್ಟಿಲ ಪಕ್ಕ, ಯಾಸ್ಮೀನ್ ಕಾಯಿ ರಾಶಿ ಹಾಕಿದಳು. ಟವೆಲ್ ಹೊದಿಸಿದಳು. ಕರಟ ಮೂಗು ಚಾಚಿ ಮೂಸಿ, ಅಲ್ಲಾಡದೆ ನಿಂತಿತು.

"ಮಾಲು ನಿಂದು, ನೋಡ್ಕೊ," ಎಂದಳು ಮೆಲ್ಲಗೆ. ಗೇಟಿನತ್ತ ನಡೆದಳು. ಕರಟ ಕುಯ್‌ಗುಡುತ್ತ ಹಿಂದೆಯೇ ಬಂತು. ಇನ್ನೊಮ್ಮೆ ಹೇಳಿದಳು. ಮತ್ತೆ ಬಂತು.

ಹೀಗಲ್ಲ ಎಂದು ಅವಳಿಗೂ ಗೊತ್ತಿತ್ತು. ಮೆಟ್ಟಿಲ ಮೇಲೆ ದೊಡ್ಡಗಂಗಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಮೇಲಿನ ಕಿಟಕಿಯಲ್ಲಿ ಬಾಣಂತಿ. ಎದುರು ಮನೆಯ ಜಗಲಿಯಲ್ಲಿ ಪೇಪರ್ ಹಿಡಿದ ಇಬ್ಬರು ಗಂಡಸರು. ಯಾಸ್ಮೀನ್ ಕಣ್ಣು ಮುಚ್ಚಿಕೊಂಡಳು.

"ಕರಟಾ! ಮಾಲು ನಿಂದು, ನೋಡ್ಕೊ ಕಣ್ಲಾ!"

ಎದುರಿನವರು ಪೇಪರ್ ಇಳಿಸಿದರು. ಅವಳ ಕಿವಿಯ ತುದಿ ಕಾದ ಹೆಂಚಾಗಿತ್ತು. ಕಣ್ಣು ಬಿಟ್ಟಾಗ ಕರಟ ರಾಶಿಯ ಸುತ್ತ ನಡೆಯುತ್ತಿತ್ತು. ಒಂದು ಸುತ್ತು. ಆಮೇಲೆ ಮುಂಗಾಲು ಚಾಚಿ, ಗದ್ದ ಊರಿ ಮಲಗಿತು. ಅವಳತ್ತ ತಿರುಗಿಯೂ ನೋಡಲಿಲ್ಲ.

ಮೂಲೆಯ ಬೇಕರಿಯಲ್ಲಿ ಅವಳು ಕಾದಳು. ಆರು ನಿಮಿಷ ಕಳೆಯಿತು. ಇಪ್ಪತ್ತಾಯಿತು. ನಲವತ್ತೈದಕ್ಕೆ ಫೋನ್ ಹೊಡೆದುಕೊಂಡಿತು.

"ಎಲ್ಲಿದ್ದೀಯಮ್ಮ?" ದೊಡ್ಡಗಂಗಮ್ಮ.

"ಅತ್ತನಾ ಅಜ್ಜಿ?"

"ಅಳೋದಾ? ಕೂಸು ಮಲಗೈತೆ, ಅವ್ರಮ್ಮನೂ ಮಲಗವ್ಳೆ. ಆದ್ರೆ ಮೆಟ್ಲು ಹತ್ರ ಒಣಗಾಕಿರೋ ನನ್ನ ಸೀರೆ ಎತ್ಕೊಳ್ಳಕ್ಕೆ ಬಿಡ್ತಿಲ್ಲ ಕಣೇ ನಿನ್ನ ನಾಯಿ! ಗುರ್ ಅಂತಾನೆ. ನಮ್ಮನೇಲಿ ನಂಗೇ ಗುರ್!"

ಯಾಸ್ಮೀನ್ ಓಡೋಡಿ ಬಂದಾಗ ಗೇಟಿನ ಮುಂದೆ ಅಂಜನಮೂರ್ತಿಯ ಗೂಡ್ಸ್ ಆಟೋ ನಿಂತಿತ್ತು. ಅವರು ಕೈಯಲ್ಲಿ ಹಗ್ಗ ಹಿಡಿದು ಓಣಿಯೊಳಗೆ ಇಣುಕುತ್ತಿದ್ದರು. ಕರಟ ತಲೆ ಎತ್ತದೆ ಹಲ್ಲು ತೋರಿಸಿತು. ಅಂಜನಮೂರ್ತಿ ರಾಶಿಯ ಮೇಲಿನ ಟವೆಲ್ ನೋಡಿದರು, ನೋಡುತ್ತಲೇ ಚಪ್ಪಲಿಯ ಕಾಲನ್ನು ಒಂದು ಹೆಜ್ಜೆ ಹಿಂದಿಟ್ಟರು.

"ಡ್ಯೂಟಿ ಮೇಲವ್ನೆ. ಹೆಂಗ್ ಕರ್ಕಂಡ್ ಹೋಗ್ಲಿ ಬುಡಮ್ಮ," ಎಂದು ಹಗ್ಗ ಸುತ್ತಿಕೊಂಡರು.

ಯಾಸ್ಮೀನ್ ದೊಡ್ಡಗಂಗಮ್ಮನ ಮುಖ ನೋಡಿದಳು.

"ನನ್ನೇನ್ ನೋಡ್ತೀಯ? ಇರ್ಲಿ. ಮೊದ್ಲು ಸೀರೆ ಕೊಡ್ಸು."

ಅವಳು ಬಗ್ಗಿ ಟವೆಲ್ ಎತ್ತಿ, ತನಗೇ ಅರಿವಿಲ್ಲದೆ ಹೆಗಲ ಮೇಲೆ ಹಾಕಿಕೊಂಡಳು. ಕರಟ ಎದ್ದು, ಮುಂಗಾಲು ಹಿಂಗಾಲು ಚಾಚಿ ಮೈಮುರಿದು, ಮೈ ಒದರಿಕೊಂಡು, ನೀರಿನ ಬೋಗುಣಿಯ ಕಡೆ ನಡೆಯಿತು. ಬಹಳ ಹೊತ್ತು ನೀರು ಕುಡಿಯಿತು.