ಅಪ್ಪ ಹಾಕಿದ ನೆಲ

ನಡುಮನೆಯ ನೆಲ ಒಡೆಯಬೇಕು ಎಂದು ಅಧಿಕಾರಿ ಹೇಳಿದಾಗ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕುಬಿಟ್ಟೆ. ಕೂದಲೆಳೆಯಷ್ಟೂ ಬಿರುಕಿಲ್ಲದ ಕೆಂಪು ಗಾರೆ ನೆಲ ಅದು. ನನ್ನ ತಮ್ಮ ಹುಟ್ಟುವುದಕ್ಕೆ ಒಂದು ವರ್ಷ ಮೊದಲು ಅಪ್ಪ ತನ್ನ ಕೈಯಾರೆ ಹಾಕಿದ್ದು. ಊರಿನ ಅರ್ಧ ಮನೆಗಳ ಗೋಡೆ ಎಬ್ಬಿಸಿದ ಮೇಸ್ತ್ರಿ ನಮ್ಮಪ್ಪ. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲದ ಮೇಲೆ ಆ ನೆಪಾನೂ ನಡೆಯಲ್ಲ" ಎಂದು ರಸಮಟ್ಟ ಇಟ್ಟು ತೋರಿಸುತ್ತಿದ್ದ. ಎಂಟು ವರ್ಷದ ನನ್ನ ಕೈಗೆ ಗಾರೆ ಸವರುವ ಕರಣೆ ಕೊಟ್ಟು ಕೆಲಸ ಕಲಿಸಿದ್ದೂ ಆ ನೆಲ ಹಾಕುವಾಗಲೇ.

ಅಧಿಕಾರಿ ನಗಲಿಲ್ಲ. ತಮ್ಮ ಈಗ ದೊಡ್ಡ ನಾಯಕ. ಅವನು ಬೆಳೆದ ಈ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿ, ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳಿಗೆ ಕಲಿಕಾ ಕೇಂದ್ರ ಕಟ್ಟುವುದೆಂದು ತೀರ್ಮಾನವಾಗಿತ್ತು. ಕೆಲಸ ನನಗೇ ವಹಿಸಿದ್ದರು.

"ಮಣ್ಣಿನ ನೆಲದ ಮೇಲೆ ಮಲಗಿ ಬೆಳೆದೆ ಅಂತ ಸಾಹೇಬ್ರು ಹೋದಲ್ಲೆಲ್ಲ ಹೇಳಿದಾರೆ. ಪುಸ್ತಕದಲ್ಲೂ ಬಂದಿದೆ. ಜನ ಬಂದು ಈ ನೆಲ ನೋಡಿದ್ರೆ ಏನಂದ್ಕೋತಾರೆ, ಮೇಸ್ತ್ರಿ?"

ತಮ್ಮನಿಗೆ ಫೋನ್ ಮಾಡಿದೆ. "ಮಣ್ಣಿನ ನೆಲ ಎಲ್ಲಿತ್ತೋ? ಸಾಲದ್ದಕ್ಕೆ ಅಪ್ಪ ಒಂದಿನಾನೂ ದುಡೀಲಿಲ್ಲ ಅಂತ ಬೇರೆ ಹೇಳಿದೀಯ!"

"ಮೊದಲನೇ ಸಲ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ, ಅಣ್ಣಾ. ಜನ ಅತ್ರು. ಆಮೇಲೆ ಬಿಡೋಕಾಗ್ಲಿಲ್ಲ."

ಹಿಂದಿನ ಕೋಣೆಯಲ್ಲಿ ಮಲಗಿದ್ದ ಅಮ್ಮನ ಹತ್ತಿರ ಹೋದೆ. ಐವತ್ತು ವರ್ಷ ಆ ನೆಲ ಒರೆಸಿದವಳು, ಅವಳಾದರೂ ಬೇಡ ಎನ್ನುತ್ತಾಳೆ ಎಂದು ಆಸೆಯಿತ್ತು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಸತ್ತೋರಿಗೆ ನೆಲ ಯಾಕೋ? ಇರೋನ ಮಾನ ಉಳಿಸು" ಎಂದಳು. ಗೋಡೆಯ ಕಡೆ ಮಗ್ಗುಲು ಬದಲಿಸಿ, "ಬೇರೆ ಯಾರೋ ಒಡೆಯೋದಕ್ಕಿಂತ ನಿನ್ನ ಕೈಯೇ ವಾಸಿ" ಎಂದಳು.

ಅತ್ತ ದರಿ, ಇತ್ತ ಪುಲಿ. ಒಡೆದೆ. ಅಪ್ಪ ಗಾರೆಯಲ್ಲಿ ಮೋಸ ಮಾಡಿರಲಿಲ್ಲ, ಅದಕ್ಕೇ ಮೂರು ದಿನ ಹಿಡಿಯಿತು. ಹಾರೆಯ ಒಂದೊಂದು ಏಟಿಗೂ ತಮ್ಮನನ್ನು ಬೈದೆ, ಅಮ್ಮನನ್ನು ಬೈದೆ. ಕೊನೆಗೆ ಬೈಯಲು ನಾನೊಬ್ಬನೇ ಉಳಿದೆ. ಮಣ್ಣು ತುಂಬಿ, ತಟ್ಟಿ, ಬೇಕೆಂದೇ ಅಲ್ಲಲ್ಲಿ ತಗ್ಗು ಮಾಡಿದೆ. ಬಡತನ ಕಾಣಬೇಕಲ್ಲ!

ಉದ್ಘಾಟನೆಯ ದಿನ ತಮ್ಮ ಆ ಮಣ್ಣಿನ ಮೇಲೆ ಕುಳಿತು ಕೈಯಾಡಿಸಿದ. ಕಣ್ಣು ತುಂಬಿ ಬಂತು. ನಾಟಕವಾಗಿದ್ದರೆ ನನಗೆ ಗೊತ್ತಾಗುತ್ತಿತ್ತು, ಎತ್ತಿ ಆಡಿಸಿದವನು ನಾನು. ಅವನು ನಿಜವಾಗಿ ಅಳುತ್ತಿದ್ದ. ನನಗೆ ಭಯವಾಯಿತು.

"ಇಲ್ಲೇ ಅಲ್ವಾ ಅಣ್ಣಾ, ನಾವಿಬ್ರೂ ಮಲಗ್ತಿದ್ದಿದ್ದು?"

ಕ್ಯಾಮೆರಾಗಳೆಲ್ಲ ನನ್ನ ಕಡೆ ತಿರುಗಿದವು. "ಇಲ್ಲೇ" ಎಂದೆ.

ಅಮ್ಮ ಹಿಂದಿನ ಕೋಣೆಯಲ್ಲೇ ಉಳಿದಳು, ಮತ್ತೆ ನಡುಮನೆಗೆ ಕಾಲಿಡಲಿಲ್ಲ. ನಾನು ಮಾತ್ರ ಬಿಡುವಂತಿಲ್ಲ. ಬಂದುಹೋಗುವವರ ಕಾಲಿಗೆ ಮಣ್ಣು ಎದ್ದುಹೋಗುತ್ತದೆ. ಸೋಮವಾರ ಸಂಗ್ರಹಾಲಯಕ್ಕೆ ರಜೆ, ನಾನು ಮಂಡಿಯೂರಿ ಮತ್ತೆ ಮೆತ್ತುತ್ತೇನೆ. ಅಪ್ಪನ ನೆಲ ಐವತ್ತೈದು ವರ್ಷ ಬಾಳಿತು. ನನ್ನದು ವಾರ ತಡೆಯುವುದಿಲ್ಲ.

ಕಲಿಕಾ ಕೇಂದ್ರಕ್ಕೆ ಸೋಮವಾರವೂ ಮಕ್ಕಳು ಬರುತ್ತಾರೆ. ಮೊನ್ನೆ ಒಬ್ಬಳು ಪ್ರಶ್ನೆಪಟ್ಟಿ ಹಿಡಿದು ಹೊಸಿಲ ಬಳಿ ನಿಂತಳು.

"ತಾತಾ, ನಾಯಕರ ಅಪ್ಪ ಏನು ಕೆಲಸ ಮಾಡ್ತಿದ್ರು?"

ಕೈಯಲ್ಲಿ ಅಪ್ಪನದೇ ಕರಣೆ ಇತ್ತು. ಹಿಂದಿನ ಕೋಣೆಯಲ್ಲಿ ಅಮ್ಮನ ಕೆಮ್ಮು ನಿಂತಿತು. ಕೇಳಿಸಿಕೊಳ್ಳುತ್ತಿದ್ದಳು.

"ಏನೂ ಮಾಡ್ತಿರಲಿಲ್ಲ, ಮಗಾ."

ಬರೆದುಕೊಂಡಳು. ಹೋಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು.

"ಎಷ್ಟು ಚೆನ್ನಾಗಿ ಮಾಡ್ತೀರ! ನಿಮಗೆ ಯಾರು ಕಲಿಸಿದ್ರು?"

"ಯಾರೂ ಇಲ್ಲ. ನಾನೇ ಕಲಿತೆ" ಎಂದೆ.

ಅದನ್ನೂ ಬರೆದುಕೊಂಡಳು.